ಗೆದ್ದಲು ಬೇಟೆಯ ಇರುವೆಗೆ ಹೆಸರು ಹಚ್ಚಿದ ಬಗೆ

ಕೆನ್ಯಾದ ತ್ಸಾವೊ ಕಾಡಿನ ಅಂಚಿಗಿರುವ ಮ್ಟಿಟೊ ಆಂಡೇಯ್ ಸುತ್ತಮುತ್ತ ಇರುವೆಗಳನ್ನು ಸಂಗ್ರಹಿಸುವಾಗ, ಸಾಲುಗಟ್ಟಿ ಗೆದ್ದಲು ಬೇಟೆಗೆ ಹೊರಡುವ ದೊಡ್ಡ ಕಪ್ಪಿರುವೆಗಳು ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತಿದ್ದವು. ಮರಳುವಾಗ ಸಾಲಿನ ದಪ್ಪ ಇರುವೆಗಳು ಹಲವು ಗೆದ್ದಲುಗಳನ್ನು ಒಟ್ಟಿಗೇ ದವಡೆಯಲ್ಲಿ ಕಚ್ಚಿ ಹಿಡಿದಿರುತ್ತವೆ. ಕೆಣಕಿದರೆ ಕಿವಿಗೆ ಕೇಳುವಷ್ಟು ಚರಚರ ಸದ್ದು ಮಾಡುತ್ತವೆ. ಇಷ್ಟು ಕಂಡ ಮೇಲೆ ಇದು ಗೆದ್ದಲು ಬೇಟೆಗೆ ಹೆಸರಾದ ಮೆಗಾಪೋನೆರಾ ಕುಲದ ಇರುವೆ ಇರಬೇಕೆಂದು ಊಹಿಸುವುದು ಸಹಜ, ಆದರೆ ನಡವಳಿಕೆಯೊಂದನ್ನೇ ನೋಡಿ ಲೇಬಲ್ ಬರೆಯುವುದು ನನಗೆ ಒಪ್ಪಿಗೆಯಿಲ್ಲ.

ಒಂದೇ ಸಾಲಿನಿಂದ ಚಿಕ್ಕ, ನಡುವಣ, ದೊಡ್ಡ ಗಾತ್ರದವನ್ನೆಲ್ಲ ಆಯ್ದು ಆಲ್ಕೋಹಾಲ್‌ನಲ್ಲಿ ಹಾಕಿದೆ. ಈ ಪ್ರಭೇದದ ಕೆಲಸಗಾರ ಇರುವೆಗಳು ಸುಮಾರು 5 ಮಿ.ಮೀ.ನಿಂದ 18 ಮಿ.ಮೀ.ವರೆಗೆ ಇರುವುದರಿಂದ, ಎರಡು ತುದಿಯವನ್ನು ಮಾತ್ರ ಹಿಡಿದು ತಂದರೆ ಅವು ಬೇರೆ ಬೇರೆ ಪ್ರಭೇದಗಳಂತೆಯೇ ತೋರುತ್ತವೆ.

ಒಣಗಿಸಿದ ಇರುವೆಯನ್ನು ತ್ರಿಕೋನ ಕಾಗದದ ತುದಿಗೆ ಅಂಟಿಸಿ ಸೂಕ್ಷ್ಮದರ್ಶಕದಡಿ ಪಕ್ಕದಿಂದ ನೋಡಿದಾಗ, ಸೊಂಟದಲ್ಲಿ ಒಂದೇ ಗಂಟು, ಅದರ ಹಿಂದೆ ಹೊಟ್ಟೆಯ ಮೊದಲೆರಡು ಖಂಡಗಳ ನಡುವೆ ತುಸು ಬಿಗಿತ, ತುದಿಯಲ್ಲಿ ಕುಟುಕುವ ಮುಳ್ಳು ಕಂಡವು. ಅಲ್ಲಿಗೆ ಮೆಗಾಪೋನೆರಾ ಸೇರುವ ಪೊನೆರಿನೆ ಉಪಕುಟುಂಬವೆಂಬುದು ಖಚಿತವಾಯಿತು. (ನಮ್ಮೂರ ಗೊದ್ದಗಳ ಕುಲವಾದ ಕ್ಯಾಂಪೊನೋಟಸ್‌ಗೂ ಒಂದೇ ಗಂಟು, ಆದರೆ ಮುಳ್ಳಿಲ್ಲ.)

ನಿಜವಾದ ತೊಡಕಿರುವುದು ಪಾಲ್ಟೊಥೈರಿಯಸ್ ಟಾರ್ಸಾಟಸ್ ಎಂಬ ಇನ್ನೊಂದು ಇರುವೆಯಿಂದ ಇದನ್ನು ಬೇರ್ಪಡಿಸುವುದರಲ್ಲಿ. ಅದೂ ಕಪ್ಪು, ಅದೂ ದೊಡ್ಡದು, ಅದೂ ಗೆದ್ದಲು ತಿನ್ನುತ್ತದೆ. ಅದರ ದುರ್ವಾಸನೆ ಹೆಸರಾದದ್ದೇ, ಆದರೆ ಎರಡರ ದವಡೆಯ ಗ್ರಂಥಿಗಳಲ್ಲೂ ಗಂಧಕದ ಸಂಯುಕ್ತಗಳಿರುವುದರಿಂದ ಮೂಗನ್ನು ನಾನು ಸಾಕ್ಷಿಗೆ ಕರೆಯುವುದಿಲ್ಲ. ನೆಚ್ಚಿಕೊಂಡದ್ದು ಮೈಯ ಹೊರಪದರವನ್ನು: ಟಾರ್ಸಾಟಸ್‌ನ ತಲೆ ಮತ್ತು ಎದೆಯ ಮೇಲೆ ಉದ್ದುದ್ದ ಗೀರುಗಳಿರುತ್ತವೆ, ನನ್ನ ಮಾದರಿಗಳಲ್ಲಿ ಅವಿರಲಿಲ್ಲ, ಮಾಸಲು ಮೈಯನ್ನು ಕಿರುಗೂದಲು ಆವರಿಸಿತ್ತು. ಕೆಲಸಗಾರರ ಗಾತ್ರದಲ್ಲಿ ಇಷ್ಟು ಹರವೂ ಟಾರ್ಸಾಟಸ್‌ನಲ್ಲಿಲ್ಲ.

ಹೆಸರಿನ ಚರಿತ್ರೆಯನ್ನೂ ನೋಡಿಕೊಳ್ಳಬೇಕಾಗುತ್ತದೆ. 1802ರಲ್ಲಿ ಫ್ರೆಂಚ್ ಕೀಟತಜ್ಞ ಲಾಟ್ರೆಯ್ ಫಾರ್ಮಿಕಾ ಅನಾಲಿಸ್ ಎಂದು ವರ್ಣಿಸಿದ ಈ ಇರುವೆ ಹಳೆಯ ಬರಹಗಳಲ್ಲಿ ಮೆಗಾಪೋನೆರಾ ಫೀಟೆನ್ಸ್ ಎಂದೂ, ಮುಂದೆ ಪ್ಯಾಕಿಕಾಂಡೈಲಾ ಅನಾಲಿಸ್ ಎಂದೂ ಸಿಗುತ್ತದೆ. 2014ರಲ್ಲಿ ಇರುವೆ ತಜ್ಞರಾದ ಶ್ಮಿಟ್ ಮತ್ತು ಶಟ್ಟಕ್ ಅದನ್ನು ಮತ್ತೆ ಮೆಗಾಪೋನೆರಾ ಕುಲಕ್ಕೆ ಸೇರಿಸಿದರು. ಉಪಪ್ರಭೇದಗಳನ್ನೂ ಹೆಸರಿಸಿದ್ದಾರೆ, ಆದರೆ ಒಂದೇ ಪ್ರದೇಶದ ಮಾದರಿಗಳನ್ನು ಕೈಯಲ್ಲಿಟ್ಟುಕೊಂಡು ಅಂಥ ಸೂಕ್ಷ್ಮ ಭೇದಗಳನ್ನು ತೀರ್ಮಾನಿಸುವುದು ಸಲ್ಲದೆಂದು ನಾನು ಮೆಗಾಪೋನೆರಾ ಅನಾಲಿಸ್ ಎಂಬಲ್ಲಿಗೇ ನಿಲ್ಲಿಸಿ, ಸ್ಥಳ, ದಿನಾಂಕ, ಅಕ್ಷಾಂಶ-ರೇಖಾಂಶಗಳ ಜೊತೆಗೆ ಬೇಟೆಯಿಂದ ಮರಳುವ ಸಾಲಿನಲ್ಲಿ ಹಿಡಿದದ್ದೆಂಬುದನ್ನೂ ಲೇಬಲ್‌ನಲ್ಲಿ ಬರೆದೆ.