ಸಂಗೀತಕ್ಕೊಂದು ಮುಖಪುಟ: ಕಲ್ಪನೆಯಿಂದ ಛಾಯಾಚಿತ್ರದವರೆಗೆ

ಸಂಗೀತಗಾರರೊಬ್ಬರಿಂದ ಪ್ರೇರಣೆ ಪಡೆದು ಆಲ್ಬಮ್‌ಗೆ ಮುಖಪುಟ ರೂಪಿಸಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಆ ಕಲಾವಿದರ ಮುಖವನ್ನೋ ವಾದ್ಯವನ್ನೋ ಚೌಕಟ್ಟಿನ ನಡುವೆ ತಂದು ನಿಲ್ಲಿಸುತ್ತಾರೆ. ಅದು ಒಳ್ಳೆಯ ಭಾವಚಿತ್ರವಾಗಬಹುದು, ಆದರೆ ಪರಿಕಲ್ಪನೆಯ ಚಿತ್ರವಾಗುವುದಿಲ್ಲ. ಅಂಥ ಚಿತ್ರ ಆ ಸಂಗೀತ ಕೇಳುವವರೊಳಗೆ ಏನು ಮಾಡುತ್ತದೆ ಎಂಬುದನ್ನು ತೋರಿಸಬೇಕು. ಆದ್ದರಿಂದ ಕ್ಯಾಮೆರಾ ಇನ್ನೂ ಚೀಲದಲ್ಲಿರುವಾಗಲೇ ಅರ್ಧ ಕೆಲಸ ಮುಗಿದಿರಬೇಕು.

ಮೊದಲ ಹೆಜ್ಜೆ ಕೇಳುವುದು. ಇಡೀ ಆಲ್ಬಮ್ ಅನ್ನು ಒಮ್ಮೆ ಏನನ್ನೂ ಬರೆದುಕೊಳ್ಳದೆ ಕೇಳಿ. ಎರಡನೆಯ ಸಲ ಕಾಗದ ಹಿಡಿದು ಕುಳಿತು, ಕಿವಿಗೆ ಬಿದ್ದದ್ದನ್ನು ಮುಟ್ಟಿ ನೋಡಬಹುದಾದ ಮಾತುಗಳಲ್ಲಿ ಬರೆಯಿರಿ. ‘ದುಃಖ’, ‘ಶಾಂತಿ’ ಎಂದು ಬರೆದರೆ ಕ್ಯಾಮೆರಾಕ್ಕೆ ಏನೂ ಸಿಗುವುದಿಲ್ಲ. ‘ಒದ್ದೆ’, ‘ಒರಟು’, ‘ತಡೆದು ನಿಲ್ಲುತ್ತದೆ’ ಎಂದು ಬರೆದರೆ ಸಿಗುತ್ತದೆ. ಆ ಪಟ್ಟಿಯಿಂದ ಒಂದೇ ಒಂದು ವಾಕ್ಯ ಹೊರಬರಬೇಕು. ಎರಡು ವಾಕ್ಯ ಬೇಕಾಯಿತೆಂದರೆ ನಿಮ್ಮ ಕೈಯಲ್ಲಿ ಎರಡು ಚಿತ್ರಗಳಿವೆ ಎಂದರ್ಥ, ಅವುಗಳಲ್ಲಿ ಒಂದನ್ನು ಬಿಡಲೇಬೇಕು.

ಒಂದು ಉದಾಹರಣೆ ನೋಡೋಣ. ಕೊಳಲು ವಾದಕರೊಬ್ಬರ ನುಡಿಸಾಣಿಕೆಯಲ್ಲಿ ಸ್ವರಗಳಿಗಿಂತ ಅವುಗಳ ನಡುವಿನ ಉಸಿರೇ ನನ್ನನ್ನು ಹಿಡಿದು ನಿಲ್ಲಿಸಿತ್ತು. ‘ಉಸಿರು ಕಣ್ಣಿಗೆ ಕಂಡು ಮರೆಯಾಗುತ್ತದೆ’ ಎಂಬುದು ನನ್ನ ವಾಕ್ಯವಾಯಿತು. ಕೊಳಲನ್ನು ಬಿಟ್ಟು, ತಣ್ಣನೆಯ ಗಾಜಿನ ಮೇಲೆ ಉಸಿರು ಮೂಡಿಸುವ ಮಂಜನ್ನು ಮಾತ್ರ ಚಿತ್ರವಾಗಿ ಆರಿಸಿಕೊಂಡೆ.

ಇಂಥದ್ದನ್ನು ಕಂಪ್ಯೂಟರಿನಲ್ಲಿ ಸೇರಿಸಬಹುದಲ್ಲ ಎಂಬ ಪ್ರಶ್ನೆ ಸಹಜ. ಸಾಧ್ಯವಿದ್ದಲ್ಲೆಲ್ಲ ನಿಜವಾಗಿ ಮಾಡಿಯೇ ತೆಗೆಯಬೇಕೆಂಬುದು ನನ್ನ ದೃಢ ಅಭಿಪ್ರಾಯ. ಬ್ರಿಟನ್ನಿನ ರಾಕ್ ಸಂಗೀತ ತಂಡ ಪಿಂಕ್ ಫ್ಲಾಯ್ಡ್‌ನ 1975ರ ಆಲ್ಬಮ್‌ಗಾಗಿ ಲಂಡನ್ನಿನ ಹಿಪ್‌ನೋಸಿಸ್ ವಿನ್ಯಾಸ ಸಂಸ್ಥೆ ಕೈಕುಲುಕುವ ಇಬ್ಬರು ಸಾಹಸ ಕಲಾವಿದರಲ್ಲಿ ಒಬ್ಬರಿಗೆ ನಿಜವಾಗಿಯೇ ಬೆಂಕಿ ಹಚ್ಚಿಸಿತ್ತು. ಅದೇ ತಂಡದ 1987ರ ಆಲ್ಬಮ್‌ಗೆ ಹಿಪ್‌ನೋಸಿಸ್‌ನ ಸ್ಥಾಪಕರಲ್ಲಿ ಒಬ್ಬರಾದ ಸ್ಟಾರ್ಮ್ ಥಾರ್ಗರ್ಸನ್ ಇಂಗ್ಲೆಂಡಿನ ಕಡಲ ತೀರವೊಂದರಲ್ಲಿ ನೂರಾರು ಕಬ್ಬಿಣದ ಮಂಚಗಳನ್ನು ಸಾಲಾಗಿ ಹಾಕಿಸಿದರು. ಬೆಂಕಿಯ ಆಟ ನಮಗೆ ಬೇಡ, ಆದರೆ ವಸ್ತುವಿನ ಮೇಲೆ ಬೆಳಕು ನಿಜವಾಗಿ ಬಿದ್ದಾಗ ಬರುವ ನಂಬಿಕೆ ಬೇಕು.

ಗಾಜನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ. ತೇವವಿರುವ ಕೋಣೆಗೆ ತಂದ ಕೂಡಲೇ ಅದು ತಾನಾಗಿಯೇ ಪೂರ್ತಿ ಮಂಜುಗಟ್ಟಬಹುದು. ನನ್ನ ಮೊದಲ ಪ್ರಯತ್ನ ಹಾಳಾದದ್ದು ಹೀಗೆಯೇ. ಹಾಗಾದಾಗ ಕೆಲವು ನಿಮಿಷ ಕಾದು, ನೂಲು ಬಿಡದ ಬಟ್ಟೆಯಿಂದ ಒರೆಸಿ ಮುಂದುವರಿಯಬೇಕು. ಗಾಜಿನ ಹಿಂದೆ ಒಂದೆರಡು ಅಡಿ ದೂರದಲ್ಲಿ ಕಪ್ಪು ಬಟ್ಟೆ ಇಳಿಬಿಡಿ. ದೀಪವನ್ನು ಕ್ಯಾಮೆರಾದ ಕಡೆಯಿಂದ ಹಾಕದೆ, ಗಾಜಿನ ಹಿಂಬದಿಯ ಒಂದು ಪಕ್ಕದಿಂದ ಓರೆಯಾಗಿ ಹಾಯಿಸಿ, ಏಕೆಂದರೆ ಮಂಜಿನ ಸಣ್ಣ ಹನಿಗಳು ಆ ಬೆಳಕನ್ನು ಚದುರಿಸಿ ಬೆಳ್ಳಗೆ ಕಾಣುತ್ತವೆ, ಬರಿಯ ಗಾಜು ಕಪ್ಪಾಗಿಯೇ ಉಳಿಯುತ್ತದೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಗಾಜಿನ ಮೇಲೆ ಒತ್ತಿದ ಬೆರಳಚ್ಚಿನ ಮೇಲೆ ಕೈಯಿಂದಲೇ ಫೋಕಸ್ ಮಾಡಿ, ನಂತರ ಅಚ್ಚನ್ನು ಒರೆಸಿಬಿಡಿ. ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್/8, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100 ಸಾಕಾಗುತ್ತದೆ. ಗೇಣುದ್ದ ದೂರದಿಂದ ಉಸಿರು ಬಿಟ್ಟು ಪಕ್ಕಕ್ಕೆ ಸರಿದು, ಮಂಜು ಅಂಚಿನಿಂದ ಒಳಗೆ ಕರಗುತ್ತಿರುವಾಗ ಒಂದೇ ಸಮನೆ ಕ್ಲಿಕ್ಕಿಸುತ್ತಾ ಹೋಗಿ. ಪೂರ್ತಿ ಹರಡಿದ ಮಂಜಿಗಿಂತ ಅರ್ಧ ಕರಗಿದ್ದೇ ಹೆಚ್ಚು ಮಾತಾಡುತ್ತದೆ.

ಮುಖಪುಟ ಚೌಕಾಕಾರದ್ದಾದ್ದರಿಂದ ಸುತ್ತಲೂ ಜಾಗ ಬಿಟ್ಟೇ ಚಿತ್ರ ತೆಗೆಯಿರಿ. 6000×4000 ಪಿಕ್ಸೆಲ್‌ಗಳ ಚಿತ್ರವನ್ನು ಚೌಕಕ್ಕೆ ಕತ್ತರಿಸಿದರೆ 4000×4000 ಉಳಿಯುತ್ತದೆ; ಸ್ಟ್ರೀಮಿಂಗ್ ಸೇವೆಗಳಿಗೆ ಸಾಮಾನ್ಯವಾಗಿ ಕಳಿಸುವ 3000×3000ಕ್ಕೂ, 12 ಇಂಚಿನ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್‌ನಂತೆ ಬೇಕಾಗುವ 3600×3600ಕ್ಕೂ ಇದು ಸಾಲುತ್ತದೆ.

ಇನ್ನು ಅಕ್ಷರ. ಹೆಸರನ್ನು ಚಿತ್ರ ತಾನಾಗಿ ಖಾಲಿ ಬಿಟ್ಟ ಕಡೆ ಇಡಬೇಕು, ಚಿತ್ರವನ್ನು ತಳ್ಳಿ ಜಾಗ ಮಾಡಿಕೊಳ್ಳಬಾರದು. ಫೋನಿನ ಪರದೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಕುಗ್ಗಿಸಿ ನೋಡಿದಾಗ ಮಂಜಿನ ಆಕಾರ ಗುರುತು ಸಿಗದಿದ್ದರೆ ಮತ್ತೊಂದು ಚಿತ್ರ ಆರಿಸಿ. ಅಭ್ಯಾಸಕ್ಕಾಗಿ ಮಾಡಿದ್ದಾದರೆ ಅಧಿಕೃತ ಮುಖಪುಟವಲ್ಲವೆಂದು ಸ್ಪಷ್ಟವಾಗಿ ಹೇಳಿ. ಮಾರಾಟಕ್ಕಾದರೆ ಕಲಾವಿದರ ಲಿಖಿತ ಒಪ್ಪಿಗೆ ಮೊದಲೇ ಕೈಯಲ್ಲಿರಲಿ.

ಮುದ್ರಣಕ್ಕೆ ಹೋಗುವ ಚಿತ್ರದ ಸುತ್ತ, ಕಾಗದ ಕತ್ತರಿಸುವಾಗ ಹೋಗುವುದಕ್ಕೆಂದು 3 ಮಿ.ಮೀ. ಹೆಚ್ಚುವರಿ ಅಂಚು ಇರಬೇಕು. ಪರದೆಯಲ್ಲಿ ಬೇರೆಬೇರೆಯಾಗಿ ಕಾಣುವ ಗಾಢ ಛಾಯೆಗಳು ಕಾಗದದಲ್ಲಿ ಒಂದೇ ಕಪ್ಪಾಗಿ ಕೂಡಿಕೊಳ್ಳುವುದುಂಟು. ಹಾಗಾಗಿ ಒಂದು ಮಾದರಿ ಪ್ರತಿಯನ್ನು ತೆಗೆಸಿ, ಹಗಲು ಬೆಳಕಿನಲ್ಲಿ ಹಿಡಿದು, ಉಸಿರಿನ ಆ ತೆಳು ಅಂಚು ಉಳಿದಿದೆಯೇ ಎಂದು ನೋಡಿದ ಮೇಲೆಯೇ ಮುದ್ರಣಕ್ಕೆ ಒಪ್ಪಿಗೆ ಕೊಡಿ.