ಆಷಾಢದಲ್ಲಿ ಲೆನ್ಸು, ಧಾರೆ ಸೀರೆ, ಪಾಲುಪಟ್ಟಿ ಕಾಪಾಡ್ಕೊಂಡಿದ್ದು: ಸಿಲಿಕಾ ಜೆಲ್ ಜೊತೆ ನನ್ನ ಅನುಭವ

ನಮ್ಮನೆ ಇರೋದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗೋ ದಾರೀಲಿ ಸ್ವಲ್ಪ ಒಳಗೆ, ಹಂಚಿನ ಮನೆ, ಹಿಂದುಗಡೆ ಅಡಿಕೆ ತೋಟ. ಆಗುಂಬೇಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೇಲೆ ಮಳೆ ಬೀಳತ್ತೆ, ನಮ್ಮಲ್ಲಿ ಅಷ್ಟಿಲ್ಲ, ಆದ್ರೂ ಪುನರ್ವಸು ಮಳೆ ಹಿಡೀತು ಅಂದ್ರೆ ಆಶ್ಲೇಷ ಮುಗಿಯೋ ತನಕ ಗೋಡೆ ಬೆವರ್ತಾ ಇರತ್ತೆ, ಉಪ್ಪಿನ ಭರಣೀಲಿ ನೀರು ನಿಲ್ಲತ್ತೆ, ಚಪ್ಪಲಿ ಎರಡು ದಿನ ಮೆಟ್ಟದೇ ಇದ್ರೆ ಹಸಿರು ಬೂಷ್ಟು ಕಟ್ಟತ್ತೆ. ನಾನು ಮದುವೆ, ಉಪನಯನ, ಗೃಹಪ್ರವೇಶದ ಫೋಟೋ ತೆಗೆಯೋನು. ಆಷಾಢ ಬಂತು ಅಂದ್ರೆ ಮದುವೆ ಇಲ್ಲ, ಕ್ಯಾಮೆರಾಗೆ ಕೆಲಸ ಇಲ್ಲ, ಬ್ಯಾಗಲ್ಲಿ ಇಟ್ಟು ಬೀರು ಒಳಗೆ ಹಾಕಿ ತೋಟದ ಕಡೆ ಹೋಗಿಬಿಡ್ತಿದ್ದೆ. ಅಂದ್ರೆ ವರ್ಷದಲ್ಲಿ ಗಾಳೀಲಿ ಅತಿ ಹೆಚ್ಚು ತೇವ ಇರೋ ಟೈಮಲ್ಲೇ ಲೆನ್ಸು ಕತ್ತಲಲ್ಲಿ, ಅಲುಗಾಡದೆ, ಬಟ್ಟೆ ಸುತ್ಕೊಂಡು ಮಲಗಿರ್ತಿತ್ತು. ಫಂಗಸ್‌ಗೆ ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ ಅಂತ ನನಗೆ ಆಗ ಗೊತ್ತಿರ್ಲಿಲ್ಲ.

ಗೊತ್ತಾಗಿದ್ದು ಶ್ರಾವಣದಲ್ಲಿ ಒಂದು ಮದುವೆಗೆ ಅಂತ ಬ್ಯಾಗ್ ತೆಗೆದಾಗ. ಫೋಟೋ ಎಲ್ಲ ಯಾಕೋ ಮಂಜು ಮಂಜು ಬರ್ತಿದೆ ಅಂತ ಲೆನ್ಸ್ ಬಿಚ್ಚಿ ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ ಮುಂದಿನಿಂದ ಓರೆಯಾಗಿ ನೋಡಿದೆ, ಒಳಗಿನ ಗಾಜಿನ ಅಂಚಿಂದ ನಡುವಿಗೆ ಬೇರು ಬಿಟ್ಟ ಹಾಗೆ ಬಿಳಿ ಎಳೆಗಳು, ಜೇಡರ ಬಲೆಗಿಂತ ಸಣ್ಣವು. ಅದು ಸಾಲ ಮಾಡಿ ತಗೊಂಡ ಲೆನ್ಸು. ರಿಪೇರಿಯವ್ರು ಬಿಚ್ಚಿ ಒರೆಸಿ ಕೊಟ್ರು, ಎಳೆ ಹೋಯ್ತು, ಆದ್ರೆ ಅದು ಬೆಳೆದ ಕಡೆ ಗಾಜಿನ ಮೇಲಿನ ಕೋಟಿಂಗ್ ತಿಂದುಬಿಟ್ಟಿತ್ತು, ಆ ಗುರುತು ಇವತ್ತಿಗೂ ಇದೆ, ಎದುರು ಬೆಳಕಲ್ಲಿ ತೆಗೆದ್ರೆ ಗೊತ್ತಾಗತ್ತೆ. ಅದೇ ವರ್ಷ ಅಮ್ಮನ ಧಾರೆ ಸೀರೆ ಮಡಿಕೆ ಬಿಚ್ಚಿದ್ರೆ ಅಂಚಲ್ಲಿ ಕರಿ ಚುಕ್ಕೆ ಚುಕ್ಕೆ. ಅಮ್ಮ ಏನೂ ಮಾತಾಡ್ಲಿಲ್ಲ, ಆ ಚುಕ್ಕೆ ಮೇಲೆ ಬೆರಳು ಆಡಿಸ್ತಾ ಕೂತಿದ್ರು. ಅವತ್ತೇ ಇದಕ್ಕೆ ಏನಾದ್ರೂ ಮಾಡ್ಲೇಬೇಕು ಅಂತ ತೀರ್ಮಾನ ಮಾಡಿದೆ.

ಒಳಗಿನ ತೇವ ತೆಗೆಯೋ, ಕರೆಂಟಿಂದ ನಡೆಯೋ ಡ್ರೈ ಕ್ಯಾಬಿನೆಟ್ ತಗೋ ಅಂತ ಬೆಂಗಳೂರಿನ ಗೆಳೆಯರು ಹೇಳಿದ್ರು. ಒಳ್ಳೇದೇ, ಪಟ್ಟಣದಲ್ಲಿ ಇರೋರು ತಗೊಳ್ಳಿ. ನಮ್ಮಲ್ಲಿ ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ರೆ ಮೂರು ದಿನ, ನಾಲ್ಕು ದಿನ ಕರೆಂಟ್ ಇರಲ್ಲ, ಮತ್ತೆ ಆ ನಾಲ್ಕು ದಿನವೇ ತೇವ ಜಾಸ್ತಿ ಇರೋ ದಿನ. ಬೀರು ಒಳಗೆ ಸಣ್ಣ ಬಲ್ಬ್ ಉರಿಸೋ ಹಳೇ ಉಪಾಯಕ್ಕೂ ಅದೇ ತೊಂದರೆ. ಹಾಗಾಗಿ ಸಿಲಿಕಾ ಜೆಲ್‌ಗೆ ಬಂದೆ, ಅಂದ್ರೆ ಗಾಳೀಲಿರೋ ತೇವ ಹೀರ್ಕೊಳ್ಳೋ ಸಣ್ಣ ಗಟ್ಟಿ ಕಾಳು.

ಮೊದಲ ವರ್ಷ ಮಾಡಿದ್ದು ಪೂರ್ತಿ ತಪ್ಪು. ಹೊಸ ಶೂ ಡಬ್ಬಿ, ಬ್ಯಾಗು, ಮಾತ್ರೆ ಬಾಟ್ಲಿಲಿ ಬಂದ ಸಣ್ಣ ಸಣ್ಣ ಪೊಟ್ಟಣ ಎಲ್ಲ ಕೂಡಿಟ್ಟು ಕ್ಯಾಮೆರಾ ಬ್ಯಾಗಿನ ಜೇಬಿಗೆ ತುಂಬಿದೆ. ಆ ಪೊಟ್ಟಣಗಳು ನಮ್ಮನೆಗೆ ಬಂದು ತಿಂಗಳುಗಟ್ಟಲೆ ಮೇಜಿನ ಮೇಲೆ ಬಿದ್ದಿದ್ವು, ಕುಡಿಯೋಷ್ಟು ನೀರು ಆಗ್ಲೇ ಕುಡಿದಾಗಿತ್ತು. ಬ್ಯಾಗಿಗೆ ಇರೋದು ಝಿಪ್, ಝಿಪ್ಪಿನ ಸಂದೀಲಿ ಗಾಳಿ ಓಡಾಡತ್ತೆ. ಇಡೀ ಮಲೆನಾಡಿನ ಮಳೆಗಾಲವನ್ನ ಐದು ಗ್ರಾಂ ಪೊಟ್ಟಣ ಒಣಗಿಸ್ಬೇಕು ಅಂದ್ರೆ ಆಗತ್ತಾ? ಆದ್ದರಿಂದ ಮೊದಲೇ ಹೇಳಿಬಿಡ್ತೀನಿ, ಜೆಲ್‌ಗಿಂತ ದೊಡ್ಡದು ಡಬ್ಬಿ. ಗಾಳಿ ಆಡದ ಡಬ್ಬಿ ಸಿಕ್ರೆ ಅರ್ಧ ಕೆಲಸ ಮುಗೀತು, ಸಿಗ್ಲಿಲ್ಲ ಅಂದ್ರೆ ಕೆಜಿಗಟ್ಟಲೆ ಜೆಲ್ ಸುರಿದ್ರೂ ಪ್ರಯೋಜನ ಇಲ್ಲ.

ಸ್ವಲ್ಪ ಲೆಕ್ಕ ಹೇಳ್ತೀನಿ, ನನಗೆ ಇದು ಅರ್ಥ ಆದ್ಮೇಲೆ ಎಲ್ಲ ಸರಿಹೋಯ್ತು. 25 ಡಿಗ್ರಿ ಬಿಸಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚಂದ್ರೆ 23 ಗ್ರಾಂ ನೀರು ಹಿಡ್ಕೊಳ್ಳತ್ತೆ. ನನ್ನ ಡಬ್ಬಿ 11 ಲೀಟರಿಂದು, ಅಂದ್ರೆ ಒಳಗಿನ ಗಾಳೀಲಿ ಇರೋ ನೀರು ಕಾಲು ಗ್ರಾಮು ಅಷ್ಟೇ. ಒಣಗಿದ ಜೆಲ್ ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರು ಹಿಡಿಯಬಲ್ಲದು, ಹಾಗಾದ್ರೆ ಗಾಳಿಗೆ ಒಂದೆರಡು ಗ್ರಾಂ ಜೆಲ್ ಸಾಕು! ಮತ್ತೆ ನಮ್ಮ ಜೆಲ್ ಯಾಕೆ ವಾರದಲ್ಲಿ ಮುಗಿದುಹೋಗತ್ತೆ ಅಂದ್ರೆ ನೀರು ಇರೋದು ಗಾಳೀಲಲ್ಲ, ನಾವು ಒಳಗೆ ಇಡೋ ವಸ್ತೂಲಿ. ಬ್ಯಾಗಿನ ಸ್ಪಂಜು, ಕುತ್ತಿಗೆಗೆ ಹಾಕೋ ಪಟ್ಟಿ, ರಟ್ಟಿನ ಪೆಟ್ಟಿಗೆ, ವೆಲ್ವೆಟ್ ಬಟ್ಟೆ, ಕಾಗದ, ಇವೆಲ್ಲ ಮಳೆಗಾಲದಲ್ಲಿ ನೀರು ಕುಡಿದು ಕೂತಿರ್ತವೆ, ಮುಟ್ಟಿದ್ರೆ ಗೊತ್ತಾಗಲ್ಲ. ಉಳಿದಿದ್ದು ಡಬ್ಬಿ ಸಂದಿಯಿಂದ, ನಾವು ತೆಗೆದು ಹಾಕಿ ಮಾಡೋದ್ರಿಂದ ಬರತ್ತೆ.

ಅದಕ್ಕೇ ಈಗ ಲೆನ್ಸ್‌ಗಳನ್ನ ಬ್ಯಾಗಿಂದ ಹೊರಗೆ ತೆಗೆದು, ಪಟ್ಟಿ ಬಿಚ್ಚಿ, ಬರೀ ಲೆನ್ಸು ಬರೀ ಕ್ಯಾಮೆರಾ ಬಾಡಿ ಮಾತ್ರ ಡಬ್ಬೀಲಿ ಇಡ್ತೀನಿ. ಡಬ್ಬಿ ಅಂದ್ರೆ ಅಡುಗೆಮನೆ ಸಾಮಾನಿನ ಅಂಗಡೀಲಿ ಸಿಗೋದೇ, ಮುಚ್ಚಳಕ್ಕೆ ಸುತ್ತ ರಬ್ಬರ್ ಇದ್ದು ನಾಲ್ಕು ಕಡೆ ಲಾಕ್ ಆಗೋದು. ತಗೊಳ್ಳೋ ಮೊದಲು ರಬ್ಬರ್ ಎಲ್ಲೂ ಜೋಡಣೆ ಬಿಟ್ಟಿಲ್ವಾ ನೋಡಿ, ಮನೆಗೆ ತಂದ್ಮೇಲೆ ಒಳಗೆ ಒಣ ಪೇಪರ್ ಹಾಕಿ ಮುಚ್ಚಿ ಬಕೆಟ್ ನೀರಲ್ಲಿ ಐದು ನಿಮಿಷ ಅದುಮಿ ಹಿಡೀರಿ. ಪೇಪರ್ ಒದ್ದೆ ಆದ್ರೆ ಆ ಡಬ್ಬಿ ಹಪ್ಪಳಕ್ಕೂ ಆಗಲ್ಲ.

ಇನ್ನೊಂದು ಮುಖ್ಯ, ಹೈಗ್ರೋಮೀಟರ್. ಗಾಳೀಲಿ ಎಷ್ಟು ತೇವ ಇದೆ ಅಂತ ತೋರಿಸೋ ಬೆಂಕಿಪೊಟ್ಟಣದಷ್ಟು ಸಣ್ಣ ಮೀಟರು, ಬೆಲೆ ಹೆಚ್ಚಿಲ್ಲ, ಆದ್ರೆ ಅಗ್ಗದ್ದು ತಪ್ಪು ತೋರಿಸೋದೂ ಉಂಟು. ಅದನ್ನ ಪರೀಕ್ಷೆ ಮಾಡೋಕೆ ಅಡುಗೆ ಉಪ್ಪೇ ಸಾಕು. ಬಾಟ್ಲಿ ಮುಚ್ಚಳದಲ್ಲಿ ಉಪ್ಪು ಹಾಕಿ ಕೆಸರಿನ ಹದಕ್ಕೆ ಸ್ವಲ್ಪ ನೀರು ಬಿಡಿ, ಕರಗಿ ಹೋಗ್ಬಾರ್ದು, ಆ ಮುಚ್ಚಳಾನೂ ಮೀಟರನ್ನೂ ಒಂದೇ ಝಿಪ್ ಲಾಕ್ ಕವರಲ್ಲಿ ಒಂದಕ್ಕೊಂದು ತಾಗದ ಹಾಗೆ ಇಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಶೇಕಡಾ 75 ತೋರಿಸ್ಬೇಕು. ನಂದು 70 ತೋರಿಸ್ತು, ಹಾಗಾಗಿ ಅದರ ಬೆನ್ನ ಮೇಲೆ ‘5 ಸೇರಿಸು’ ಅಂತ ಚೀಟಿ ಅಂಟಿಸಿದೀನಿ. ಜುಲೈನಲ್ಲಿ ನಮ್ಮ ನಡುಮನೇಲಿ ಅದು 90ರ ಕೆಳಗೆ ಇಳಿಯೋದೇ ಅಪರೂಪ. ಡಬ್ಬಿ ಒಳಗೆ 40ರಿಂದ 50 ಇದ್ರೆ ಲೆನ್ಸ್‌ಗೆ ಚೆನ್ನ, 60 ದಾಟಿ ಸುಮಾರು ದಿನ ನಿಂತ್ರೆ ಫಂಗಸ್ ಭಯ.

ಜೆಲ್‌ನಲ್ಲಿ ನೀಲಿ, ಕೇಸರಿ, ಬಿಳಿ ಅಂತ ಮೂರು ಸಿಗತ್ತೆ. ನೀಲಿ ಅಂದ್ರೆ ಕೋಬಾಲ್ಟ್ ಕ್ಲೋರೈಡ್ ಸೇರಿಸಿರೋದು, ನೀರು ಹಿಡಿದ್ಮೇಲೆ ಗುಲಾಬಿ ಆಗತ್ತೆ, ನೋಡೋಕೆ ಸುಲಭ, ಆದ್ರೆ ಕೋಬಾಲ್ಟ್ ಕ್ಲೋರೈಡ್ ಒಳ್ಳೇದಲ್ಲ, ಕ್ಯಾನ್ಸರ್ ತರಬಲ್ಲದು ಅನ್ನೋ ಪಟ್ಟೀಲಿರೋ ವಸ್ತು, ಮಕ್ಕಳಿರೋ ಮನೇಲಿ ಬೇಡ, ತಿನ್ನೋ ಪದಾರ್ಥದ ಹತ್ರ ಬೇಡವೇ ಬೇಡ. ನಾನು ಕೇಸರಿಗೆ ಬದಲಾಯಿಸ್ದೆ, ಅದು ನೀರು ಹಿಡಿದ್ರೆ ಕಡು ಹಸಿರು ಆಗತ್ತೆ. ಬಿಳಿಗೆ ಬಣ್ಣ ಬದಲಾಗಲ್ಲ, ಅದಕ್ಕೆ ತಕ್ಕಡಿ ಬೇಕು. 50 ಗ್ರಾಂ ಒಣ ಜೆಲ್ ಹಾಕಿ ಪೌಚ್ ಹೊಲಿದು, ಪೌಚಿನ ಒಟ್ಟು ತೂಕ ಪೆನ್ನಲ್ಲಿ ಅದರ ಮೇಲೇ ಬರೀತೀನಿ, ಹತ್ತು ಗ್ರಾಂ ಹೆಚ್ಚಾಯ್ತು ಅಂದ್ರೆ ಒಣಗಿಸೋ ಹೊತ್ತು ಬಂತು. ನಿಜ ಹೇಳ್ಬೇಕಂದ್ರೆ ಬಣ್ಣಕ್ಕಿಂತ ತೂಕದ ಮೇಲೇ ನನಗೆ ನಂಬಿಕೆ. ಪೌಚ್ ಹೊಲಿಯೋದು ಅಪ್ಪನ ಹಳೇ ಪಂಚೆ ಬಟ್ಟೇಲಿ, ಎರಡು ಪದರ. ಅದಕ್ಕೂ ಮುಂಚೆ ಕಾಳನ್ನ ಜರಡಿ ಹಿಡಿದು ಪುಡಿ ತೆಗೀಬೇಕು, ಮೂಗಿಗೆ ಬಟ್ಟೆ ಕಟ್ಕೊಳ್ಳಿ, ಆ ಧೂಳು ಲೆನ್ಸ್‌ಗೂ ಬೇಡ ಎದೆಗೂ ಬೇಡ.

ಈಗ ಒಣಗಿಸೋ ವಿಷ್ಯ, ಎಲ್ಲರೂ ಕೆಡಿಸೋದು ಇಲ್ಲೇ, ನಾನೂ ಕೆಡಿಸಿದೀನಿ. ಬಿಸಿಲಿಗೆ ಹಾಕಿದ್ರೆ ಸಾಲದು, 40 ಡಿಗ್ರಿಗೆ ಈ ಕಾಳು ಒಳಗೆ ಹಿಡಿದ ನೀರು ಸರಿಯಾಗಿ ಬಿಡಲ್ಲ. ಒಂದು ಗ್ರಾಂ ಜೆಲ್ ಒಳಗೆ ಕಣ್ಣಿಗೆ ಕಾಣದ ತೂತುಗಳ ಗೋಡೆ ಎಲ್ಲ ಬಿಡಿಸಿ ಹಾಸಿದ್ರೆ 700 ಚದರ ಮೀಟರ್ ಹತ್ರ ಬರತ್ತೆ, ಆ ಗೋಡೆಗಳಿಗೆ ನೀರು ಅಂಟಿರತ್ತೆ, ಅದನ್ನ ಬಿಡಿಸೋಕೆ 110ರಿಂದ 120 ಡಿಗ್ರಿ ಬೇಕು, ಎರಡು ಗಂಟೆ ಹೊತ್ತು. ಕರೆಂಟ್ ಇದ್ರೆ ಓಟಿಜಿ ಓವನ್‌ನಲ್ಲಿ ತಟ್ಟೆ ಮೇಲೆ ಬೆರಳಿನ ದಪ್ಪ ಮಾತ್ರ ಹರಡಿ ಇಡ್ತೀನಿ. ಇಲ್ಲದಿದ್ರೆ ಬಚ್ಚಲ ಒಲೆ. ಹಂಡೆಗೆ ಬೆಂಕಿ ಹಾಕಿ ಎಲ್ಲರ ಸ್ನಾನ ಆದ್ಮೇಲೆ ಕೆಂಡ ಉಳಿದಿರತ್ತಲ್ಲ, ಅದರ ಮೇಲೆ ದಪ್ಪ ಬಾಣಲೆ, ಬಾಣಲೇಲಿ ಮರಳು, ಮರಳಿನ ಮೇಲೆ ಸ್ಟೀಲ್ ತಟ್ಟೆ, ತಟ್ಟೇಲಿ ಜೆಲ್, ಮರದ ಸೌಟಲ್ಲಿ ಆಗಾಗ ತಿರುವ್ತಾ ಇರೋದು. ಆ ಬಾಣಲೆ, ತಟ್ಟೆ, ಸೌಟು ಬೇರೆಯೇ ಇಡಿ, ಅಡುಗೆಗೆ ಮತ್ತೆ ಬೇಡ. ಮೊದಲ ಸಲ ಅವಸರಕ್ಕೆ ಉರಿ ಮೇಲೇ ಇಟ್ಟೆ, ಕಾಳು ಟಪ್ ಟಪ್ ಅಂತ ಒಡೆದು ಹಾರಿದ್ವು, ಕೇಸರಿ ಬಣ್ಣ ಸುಟ್ಟು ಕಂದು ಆಯ್ತು. ಹಾಗಾದ್ರೂ ಅದನ್ನ ಎಸೀಬೇಡಿ, ಸುಟ್ಟಿದ್ದು ಬಣ್ಣ ಮಾತ್ರ, ನೀರು ಹಿಡಿಯೋ ಕೆಲಸ ಮಾಡ್ತಾನೇ ಇರತ್ತೆ, ತೂಕ ನೋಡಿ ಬಳಸ್ಬೋದು.

ಒಣಗಿದ್ದು ಹೇಗೆ ಗೊತ್ತಾಗತ್ತೆ? ತಣ್ಣಗಿರೋ ಒಣ ಸ್ಟೀಲ್ ಮುಚ್ಚಳ ಕಾಳಿನ ಮೇಲೆ ಒಂದು ಕ್ಷಣ ಹಿಡೀರಿ. ಶುರುವಲ್ಲಿ ಕನ್ನಡಿಗೆ ಉಸಿರು ಬಿಟ್ಟ ಹಾಗೆ ಮುಚ್ಚಳ ಮಬ್ಬಾಗತ್ತೆ, ಹನಿ ಕೂಡ ಕಟ್ಟತ್ತೆ. ಒಂದೂವರೆ ಗಂಟೆ ಕಳೆದ್ಮೇಲೆ ಮಬ್ಬು ಕಮ್ಮಿ ಆಗ್ತಾ ಬಂದು ಆಮೇಲೆ ಮುಚ್ಚಳ ಹೊಳೀತಾನೇ ಇರತ್ತೆ. ಅಲ್ಲಿಗೆ ಆಯ್ತು. ಬಿಸಿ ಇರೋವಾಗ್ಲೇ ಒಣ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ ತಣೀಲಿಕ್ಕೆ ಬಿಡ್ಬೇಕು. ಗಾಳೀಲಿ ಆರಿಸಿದ್ರೆ ನಮ್ಮ ಜುಲೈ ಗಾಳಿ ತಣಿಯೋ ಹೊತ್ತಲ್ಲೇ ಅದಕ್ಕೆ ನೀರು ಕುಡಿಸತ್ತೆ. ಅಮ್ಮ ಮೊದಲ ದಿನ ನೋಡಿ ‘ಎಂತ ಮಾರಾಯ, ಸಾಬಕ್ಕಿ ಹುರೀತಿದ್ಯಾ’ ಅಂದ್ರು, ಈಗ ಅವ್ರೇ ಕೆಂಡ ಚೆನ್ನಾಗಿದೆ ತಗೊಂಬಾ ಅಂತ ಕರೀತಾರೆ.

ಸೀರೆ, ಕಾಗದದ ವಿಷ್ಯ ಬೇರೆ. ಗಟ್ಟಿ ಮುಚ್ಚಿದ ಡಬ್ಬಿಗೆ ಪೂರ್ತಿ ಒಣಗಿದ ಜೆಲ್ ಹಾಕಿದ್ರೆ ತೇವ 20ಕ್ಕಿಂತ ಕೆಳಗೂ ಹೋಗತ್ತೆ. ಲೆನ್ಸ್ ಅದನ್ನ ಸ್ವಲ್ಪ ದಿನ ತಡ್ಕೊಳ್ಳತ್ತೆ, ಚರ್ಮ, ಹಳೇ ಕಾಗದ, ರೇಷ್ಮೆ ತಡ್ಕೊಳ್ಳಲ್ಲ. ನನ್ನ ಹಳೇ ಕ್ಯಾಮೆರಾದ ಚರ್ಮದ ಕೇಸು ಹಾಗೇ ಸೆಟೆದು ಬಿರುಕು ಬಿಡ್ತು. ಜೆಲ್ ಕಮ್ಮಿ ಹಾಕಿ ನೋಡಿದೆ, ಆದ್ರೂ ಇಳೀತು, ಯಾಕಂದ್ರೆ ಗಾಳೀಲಿ ಇರೋ ನೀರೇ ಕಾಲು ಗ್ರಾಮು. ಕೊನೆಗೆ ಸರಿಹೋದ ದಾರಿ ಅಂದ್ರೆ ಲೆನ್ಸ್ ಡಬ್ಬೀಲಿ ಅರ್ಧ ದುಡಿದ ಪೌಚ್‌ಗಳನ್ನ, ಅಂದ್ರೆ ಐವತ್ತಕ್ಕೆ ಏಳೆಂಟು ಗ್ರಾಂ ಏರಿದವನ್ನ, ಸೀರೆ ಡಬ್ಬಿಗೆ ವರ್ಗಾಯಿಸೋದು. ಅವು ತೇವಾನ ಹದವಾಗಿ ಹಿಡ್ಕೊಂಡಿರ್ತವೆ, ಬರಡು ಮಾಡಲ್ಲ. ಧಾರೆ ಸೀರೇನ ಹಳೇ ಮಲ್ಲು ಪಂಚೇಲಿ ಸುತ್ತಿ, ಪೌಚು ಜರಿಗೆ ತಾಗದ ಹಾಗೆ ಮೂಲೇಲಿ ಇಡ್ತೀವಿ, ಮಡಿಕೆ ವರ್ಷಕ್ಕೆರಡು ಸಲ ಬದಲಾಯಿಸ್ತಾರೆ ಅಮ್ಮ. ಲಾವಂಚದ ಬೇರು ಮೊದಲಿಂದ್ಲೂ ಇಡ್ತಿದ್ರು, ಅದನ್ನ ಬಿಟ್ಟಿಲ್ಲ, ಪರಿಮಳಕ್ಕೆ ಅದು ಬೇಕು.

ಪಾಲುಪಟ್ಟಿ, ಹಕ್ಕುಪತ್ರ, ಅಜ್ಜನ ಕಾಲದ ಫೋಟೋಗಳು ಇನ್ನೊಂದು ಡಬ್ಬೀಲಿ. ಕಾಗದ ಗಾಳೀಲಿರೋ ನೀರು ಚೆನ್ನಾಗಿ ಹಿಡಿಯೋ ವಸ್ತು, ಹಾಗಾಗಿ ಮಳೆ ಶುರುವಾದ್ಮೇಲೆ ಡಬ್ಬಿಗೆ ಹಾಕಿದ್ರೆ ತೇವಾನೂ ಜೊತೆಗೆ ಪ್ಯಾಕ್ ಮಾಡಿದ ಹಾಗೆ. ನಾನು ರೋಹಿಣಿ ಮಳೆ ಹಿಡಿಯೋ ಮುಂಚೆ, ಮೇ ತಿಂಗಳಲ್ಲಿ ಒಂದು ಒಳ್ಳೆ ಬಿಸಿಲಿನ ದಿನ, ಮಧ್ಯಾಹ್ನ ಎರಡು ಮೂರು ಗಂಟೆ ಹೊತ್ತಿಗೆ ಎಲ್ಲ ಡಬ್ಬಿ ಮುಚ್ತೀನಿ. ಬೆಳಿಗ್ಗೆಗಿಂತ ಆಗ ಗಾಳಿ ಒಣಗಿರತ್ತೆ, ಮೀಟರ್ ಇಟ್ಟು ನೋಡಿದ್ರೆ ನಿಮಗೇ ಗೊತ್ತಾಗತ್ತೆ. ಕಾಗದಾನ ಹಿಂದಿನ ದಿನವೇ ನೆರಳಲ್ಲಿ ಬಿಡಿಬಿಡಿಯಾಗಿ ಹರಡಿರ್ತೀನಿ, ಪ್ಲಾಸ್ಟಿಕ್ ಕೊಟ್ಟೆ ಎಲ್ಲ ತೆಗೆದು.

ಬೀರುಗೆ ನೇತು ಹಾಕೋ ಡಬ್ಬಿಗಳು ಸಿಗ್ತವಲ್ಲ, ಕೆಳಗೆ ನೀರು ತುಂಬ್ಕೊಳ್ಳೋದು, ಅದು ಸಿಲಿಕಾ ಅಲ್ಲ, ಕ್ಯಾಲ್ಸಿಯಂ ಕ್ಲೋರೈಡ್. ದಿನಬಳಕೆ ಬಟ್ಟೆ ಬೀರುಗೆ ನಾನೂ ಇಟ್ಟಿದೀನಿ, ನೀರು ಚೆನ್ನಾಗಿ ಎಳೆಯತ್ತೆ. ಆದ್ರೆ ಉರುಳಿದ್ರೆ ಆ ಉಪ್ಪುನೀರು ಆರೋದೇ ಇಲ್ಲ, ನನ್ನ ಚರ್ಮದ ಬೆಲ್ಟ್ ಹಾಳಾಗಿದ್ದು ಹಾಗೇ. ಕ್ಯಾಮೆರಾ, ರೇಷ್ಮೆ, ಕಾಗದ ಇರೋ ಜಾಗಕ್ಕೆ ಅದನ್ನ ತರ್ಲೇಬೇಡಿ.

ಪಕ್ಕದ ಮನೆಯವ್ರು ಯಕ್ಷಗಾನಕ್ಕೆ ಮದ್ದಳೆ ಬಾರಿಸ್ತಾರೆ, ಮಳೆಗಾಲದಲ್ಲಿ ಮದ್ದಳೆ ಚರ್ಮ ಸಡಿಲ ಆಗತ್ತೆ, ನಂಗೂ ನಾಲ್ಕು ಪೌಚ್ ಕೊಡೋ ಅಂತ ಹೋದ ವರ್ಷ ಕೇಳಿದ್ರು. ಮರ, ಚರ್ಮ ಎರಡೂ ಒಟ್ಟಿಗಿರೋ ವಸ್ತು ಅದು, ಹೆಚ್ಚು ಒಣಗಿದ್ರೆ ಹೊಟ್ಟೆ ಸೀಳತ್ತೆ, ನನಗೆ ಧೈರ್ಯ ಬರ್ಲಿಲ್ಲ, ಪೌಚ್ ಕೊಡ್ಲಿಲ್ಲ. ಅದರ ಬದಲು ನನ್ನ ಮೀಟರನ್ನ ಒಂದು ವಾರ ಅವ್ರ ಮದ್ದಳೆ ಚೀಲದೊಳಗೆ ಇಟ್ಟು ಬಂದೆ. ಒಲೆ ಇರೋ ಕೋಣೆಯ ಅಟ್ಟದ ಹತ್ರ ತೂಗುಹಾಕಿದಾಗ 65, ಜಗಲೀಲಿ ಇಟ್ಟಾಗ 90. ಈಗ ಅವ್ರು ಒಲೆ ಕೋಣೇಲೇ ತೂಗುಹಾಕ್ತಾರೆ.