ತಪಾಸಣೆಗೆ ರಕ್ತ ಕೊಟ್ಟ ತಿಂಗಳ ಮೇಲೆ ಬರುವ ಬಿಲ್ಲು: ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮ ಕಡೆಯವರಿಗೆ

ಕಲಬುರಗಿಯಲ್ಲಿ ಕೌಂಟರಿಗೆ ರೊಕ್ಕ ಕಟ್ಟಿ, ರಸೀದಿ ಕೈಯಲ್ಲಿ ಹಿಡಿದುಕೊಂಡೇ ರಕ್ತ ಕೊಡಲು ಕೂಡುತ್ತೇವೆ. ದರಪಟ್ಟಿ ಕಾಣುವಂತೆ ಹಾಕಿರಬೇಕೆಂದು ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೇ ಹೇಳುತ್ತದೆ. ಇಲ್ಲಿ ಡಾಕ್ಟರಿಗೆ ಕೋ-ಪೇ (ಇನ್ಶೂರೆನ್ಸ್ ಇದ್ದರೂ ಭೇಟಿಗೆ ನೀವು ಕಟ್ಟುವ ನಿಗದಿತ ಪಾಲು) ಕಟ್ಟಿ ಮನೆಗೆ ಬಂದಿರುತ್ತೀರಿ, ಆಮೇಲೆ ಹೆಸರೇ ಕೇಳದ ಲ್ಯಾಬಿನಿಂದ ಲಕೋಟೆ ಬರುತ್ತದೆ. ಮೋಸವೆಂದು ಹರಿದು ಎಸೆಯಬೇಡಿರಿ. ನ್ಯೂಯಾರ್ಕಿನಲ್ಲಿ ಲ್ಯಾಬು ಡಾಕ್ಟರಿಗೆ ಬಿಲ್ ಮಾಡುವಂತಿಲ್ಲ, ನಿಮಗೋ ಇನ್ಶೂರೆನ್ಸಿಗೋ ನೇರವಾಗಿ ಕಳಿಸಬೇಕು. ಡಾಕ್ಟರು ನಡುವೆ ತಮ್ಮ ಲಾಭ ಸೇರಿಸಬಾರದೆಂದೇ ಈ ನಿಯಮ. ಕ್ಯಾಲಿಫೋರ್ನಿಯಾದಲ್ಲಿ ಹೊರಗಿನ ಲ್ಯಾಬಿನ ಕೆಲಸಕ್ಕೆ ಡಾಕ್ಟರು ಬಿಲ್ ಮಾಡಿದರೆ ಆ ಲ್ಯಾಬಿನ ಹೆಸರು, ವಿಳಾಸ, ದರ ನಿಮಗೆ ತಿಳಿಸಬೇಕು. ನಿಮ್ಮ ರಾಜ್ಯದ್ದು ಯಾವ ಬಗೆ ಎಂದು ಮೊದಲೇ ನೋಡಿಕೊಳ್ಳಿರಿ.

ಎಲ್ಲಕ್ಕಿಂತ ಮುಖ್ಯ, ಸೂಜಿ ಚುಚ್ಚುವ ಮೊದಲೇ ಕೇಳಿರಿ: "ಈ ಸ್ಯಾಂಪಲ್ ಯಾವ ಲ್ಯಾಬಿಗೆ ಹೋಗುತ್ತದೆ?" ನಿಮ್ಮ ಇನ್ಶೂರೆನ್ಸ್ ಪ್ಲಾನಿನ ನೆಟ್‌ವರ್ಕಿನಲ್ಲಿ (ಪ್ಲಾನಿನ ಜೊತೆ ದರದ ಒಪ್ಪಂದವಿರುವವರ ಪಟ್ಟಿಯಲ್ಲಿ) ಅದು ಇಲ್ಲದಿದ್ದರೆ ಆರ್ಡರ್ ಚೀಟಿ ಇಸಿದುಕೊಂಡು, ನೆಟ್‌ವರ್ಕಿನ ಲ್ಯಾಬಿಗೆ ನೀವೇ ಹೋಗಿರಿ. ಅನಿರೀಕ್ಷಿತ ಬಿಲ್ಲುಗಳನ್ನು ತಡೆಯಲೆಂದು 2022ರಲ್ಲಿ ಜಾರಿಗೆ ಬಂದ ಫೆಡರಲ್ ನೋ ಸರ್ಪ್ರೈಸಸ್ ಕಾಯ್ದೆ ಕಾಯುತ್ತದೆಂದು ಬಹಳ ಜನ ನಂಬಿರುತ್ತಾರೆ. ಅದು ನೆಟ್‌ವರ್ಕಿನ ಆಸ್ಪತ್ರೆಯೊಳಗಿನ ಲ್ಯಾಬ್ ಕೆಲಸಕ್ಕೆ ರಕ್ಷಣೆ ಕೊಡುತ್ತದೆ. ಡಾಕ್ಟರ ಕ್ಲಿನಿಕ್ಕಿನಲ್ಲಿ ರಕ್ತ ತೆಗೆದು ಹೊರಗಿನ ಲ್ಯಾಬಿಗೆ ಕಳಿಸಿದರೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಬಿಲ್ ಬಂದ ದಿನವೇ ರೊಕ್ಕ ಕಟ್ಟಬೇಡಿರಿ. ಇನ್ಶೂರೆನ್ಸ್ ಕಳಿಸುವ ಇಒಬಿ ಪತ್ರ (ಯಾರು ಎಷ್ಟು ಕಟ್ಟಬೇಕೆಂಬ ವಿವರಣೆ, ಬಿಲ್ಲಲ್ಲ) ಬರಲಿ. ಅದರಲ್ಲಿ ಲ್ಯಾಬು ಕೇಳಿದ್ದು, ಪ್ಲಾನು ಒಪ್ಪಿದ್ದು, ನಿಮ್ಮ ಪಾಲು, ಮೂರೂ ಬೇರೆ ಬೇರೆ ಇರುತ್ತವೆ. ಬಿಲ್ಲಿನ ತಾರೀಖು ಮತ್ತು ಐದಂಕಿಯ ಕೋಡುಗಳನ್ನು ಪಕ್ಕದಲ್ಲಿಟ್ಟು ತಾಳೆ ನೋಡಿರಿ: 85025 ಸಿಬಿಸಿ (ರಕ್ತಕಣಗಳ ಎಣಿಕೆ), 83036 ಮೂರು ತಿಂಗಳ ಶುಗರ್ ಸರಾಸರಿ, 36415 ರಕ್ತ ತೆಗೆದ ಶುಲ್ಕ. ಪೂರ್ತಿ ದರ ಹಾಕಿದ್ದರೆ ಮೆಂಬರ್ ಐಡಿ ತಪ್ಪಿರಬಹುದು, ಇಲ್ಲವೇ ಡಾಕ್ಟರು ರೋಗದ ಕೋಡ್ ಬರೆದಿರಲಿಕ್ಕಿಲ್ಲ. ಲ್ಯಾಬಿನ ಬಿಲ್ಲಿಂಗಿಗೆ ಫೋನ್ ಮಾಡಿ, ಸರಿಪಡಿಸಿ ಮತ್ತೆ ಕಳಿಸಲು ಹೇಳಿರಿ. ಮಾತಾಡಿದವರ ಹೆಸರು, ತಾರೀಖು ಬರೆದಿಟ್ಟುಕೊಳ್ಳಿರಿ. ಇನ್ಶೂರೆನ್ಸ್ ತಿರಸ್ಕರಿಸಿದ್ದರೆ ಅಪೀಲಿಗೆ 180 ದಿನ ಸಮಯವಿದೆ. ನೀವು ಕೆಲಸ ಮಾಡುವ ಕಂಪನಿಯೇ ರೊಕ್ಕ ಹಾಕಿ ನಡೆಸುವ ಪ್ಲಾನಾದರೆ ರಾಜ್ಯದ ಇನ್ಶೂರೆನ್ಸ್ ಇಲಾಖೆ ಕೈಚೆಲ್ಲುತ್ತದೆ, ದೂರು ಫೆಡರಲ್ ಕಾರ್ಮಿಕ ಇಲಾಖೆಗೆ ಹೋಗಬೇಕು.

ಊರಿಂದ ಬಂದ ಅಪ್ಪ-ಅವ್ವಂದಿರ ಶುಗರ್ ತಪಾಸಣೆಗೆ ವಿಸಿಟರ್ ಇನ್ಶೂರೆನ್ಸ್ ನೆಚ್ಚಬೇಡಿರಿ, ಹಳೆಯ ಕಾಯಿಲೆಯನ್ನು ಹೆಚ್ಚಿನವು ಹೊರಗಿಡುತ್ತವೆ. ಕೈಯಿಂದ ಕಟ್ಟುತ್ತೇವೆಂದು ಹೇಳಿ, ಗುಡ್ ಫೇತ್ ಎಸ್ಟಿಮೇಟ್ (ಎಷ್ಟು ಖರ್ಚಾದೀತೆಂಬ ಮುಂಗಡ ಅಂದಾಜು) ಬರವಣಿಗೆಯಲ್ಲೇ ಇಸಿದುಕೊಳ್ಳಿರಿ. ಬಿಲ್ಲು ಅದಕ್ಕಿಂತ 400 ಡಾಲರ್ ಅಥವಾ ಹೆಚ್ಚು ಏರಿದ್ದರೆ 120 ದಿನಗಳೊಳಗೆ ತಕರಾರು ಹಾಕಬಹುದು. ಆಗ ಕೇಳುವ ಮೊದಲ ಕಾಗದ ಆ ಎಸ್ಟಿಮೇಟೇ.